ಶಿಕ್ಷಾ ಮಾರ್ಗಸೂಚಿ

ಅಪರಾಧ ಸಾಬೀತಾದ ಮೇಲೆ ಎಷ್ಟು ಶಿಕ್ಷೆ ಕೊಡಬೇಕೆಂಬುದನ್ನು ತೀರ್ಮಾನಿಸಲು ನ್ಯಾಯಾಧೀಶರಿಗೆ ನೆರವಾಗುವ ಲಿಖಿತ ನಿಯಮಗಳು. ಒಂದೇ ಬಗೆಯ ಅಪರಾಧಕ್ಕೆ ಒಂದೇ ಬಗೆಯ ಶಿಕ್ಷೆ ಸಿಗಬೇಕೆಂಬುದೇ ಇವುಗಳ ಗುರಿ. ಅಪರಾಧದ ಗಂಭೀರತೆ, ಸಂತ್ರಸ್ತರಿಗಾದ ಹಾನಿ, ಅಪರಾಧಿಯ ವಯಸ್ಸು, ಹಿನ್ನೆಲೆ, ಪಶ್ಚಾತ್ತಾಪ ಇವನ್ನು ತೂಗುವ ಕ್ರಮವನ್ನು ಇವು ಹೇಳುತ್ತವೆ.

ಭಾರತದಲ್ಲಿ: ಇಂಥ ಶಾಸನಬದ್ಧ ಮಾರ್ಗಸೂಚಿ ಇಲ್ಲ. ಬಹುತೇಕ ಅಪರಾಧಗಳಿಗೆ ಕಾನೂನು ಗರಿಷ್ಠ ಮಿತಿಯನ್ನಷ್ಟೇ ಹೇಳುತ್ತದೆ; ಉಳಿದದ್ದು ನ್ಯಾಯಾಧೀಶರ ವಿವೇಚನೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಮಾರ್ಗಸೂಚಿಗೆ ಶಿಫಾರಸು ಮಾಡಿತು. ಕರ್ನಾಟಕದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ (2008) ಮರಣದಂಡನೆ ವಿಧಿಸುವಲ್ಲಿನ ಅಸಮಾನತೆಯನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡು, ಗಲ್ಲಿನ ಬದಲು ಜೀವನಪರ್ಯಂತ ಸೆರೆವಾಸ ವಿಧಿಸಿತು.

ತಾಲ್ಲೂಕು ಮಟ್ಟದಲ್ಲಿ: ಉದಾಹರಣೆಗೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ದಾವಣಗೆರೆ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದ ವ್ಯಾಪ್ತಿಗೆ ಸೇರಿವೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆಯನ್ನು ವಿಧಿಸಬಹುದು. ಈ ಮಿತಿಯೊಳಗೆ ಜಗಳೂರಿನ ಕಳವಿಗೂ ಚನ್ನಗಿರಿಯ ಅಂಥದೇ ಕಳವಿಗೂ ಬೇರೆಬೇರೆ ಶಿಕ್ಷೆಯಾಗುವ ಅವಕಾಶ ಉಳಿದಿದೆ. ಮೇಲ್ಮನವಿಯಲ್ಲಿ ಶಿಕ್ಷೆಯ ಪ್ರಮಾಣವನ್ನೂ ಪ್ರಶ್ನಿಸಬಹುದು.

ಹೊರದೇಶಗಳಲ್ಲಿ: ಅಮೆರಿಕದ ಫೆಡರಲ್ ಮಾರ್ಗಸೂಚಿಗಳು 1987ರಲ್ಲಿ ಜಾರಿಯಾದವು; 2005ರಿಂದ ಅವು ಸಲಹಾರೂಪದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಿಂದ ಶಿಕ್ಷಾ ಮಂಡಳಿ ಇದೆ. ಅಲ್ಲಿ ಮಾರ್ಗಸೂಚಿ ಪಾಲಿಸುವುದು ನ್ಯಾಯಹಿತಕ್ಕೆ ವಿರುದ್ಧವಾದಾಗ ಮಾತ್ರ ಅದನ್ನು ಬಿಡಬಹುದು.