ಅಮೆರಿಕದಲ್ಲಿ ಬಿಡಿಭಾಗ ತರಿಸಿ ರೈಫಲ್ ಜೋಡಿಸಿದರೆ ಯಾರೂ ಕೇಳುವುದಿಲ್ಲವೇ? ‘ಲೋವರ್ ರಿಸೀವರ್’ ಬಗ್ಗೆ ತಿಳಿಯಬೇಕಾದ ಸಂಗತಿಗಳು

‘ಅಮೆರಿಕದಲ್ಲಿ ರೈಫಲ್ ಬೇಕಾದರೆ ಬಿಡಿಭಾಗಗಳನ್ನು ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳಬಹುದು, ಯಾರೂ ಕೇಳುವುದಿಲ್ಲ.’ ಈ ಅರ್ಥದ ಸಂದೇಶಗಳು, ರೈಫಲ್ ಜೋಡಿಸುವ ವಿಡಿಯೊಗಳ ಜೊತೆ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಆದರೆ ಅಮೆರಿಕದಲ್ಲಿ ಓದುತ್ತಿರುವ ಅಥವಾ ಕೆಲಸ ಮಾಡುತ್ತಿರುವ ಕನ್ನಡಿಗರ ಪಾಲಿಗೆ ಆ ಸುಳ್ಳಿನ ಅರ್ಧ ಬಹಳ ದುಬಾರಿಯಾಗಬಹುದು. ಆದ್ದರಿಂದ ಈ ವಿಷಯವನ್ನು ನಾವು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಮೊದಲಿಗೆ, ಲೋವರ್ ರಿಸೀವರ್ ಎಂದರೇನು?

ಈ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಎಆರ್‌-15 ಮಾದರಿಯ ರೈಫಲ್. ಇದರಲ್ಲಿ ಎರಡು ಮುಖ್ಯ ಭಾಗಗಳಿವೆ. ನಳಿಗೆ ಮತ್ತು ಬೋಲ್ಟ್ ಇರುವ ಮೇಲಿನ ಭಾಗ ಅಪ್ಪರ್. ಟ್ರಿಗರ್, ಸುರಕ್ಷತಾ ಗುಂಡಿ, ಹಿಡಿ, ಮ್ಯಾಗಜೀನ್ ಕೂರುವ ಜಾಗ ಮತ್ತು ಭುಜಕ್ಕೆ ಒತ್ತಿಹಿಡಿಯುವ ಸ್ಟಾಕ್ ಇರುವ ಕೆಳಗಿನ ಭಾಗ ಲೋವರ್. ಎರಡು ಪಿನ್‌ಗಳು ಇವನ್ನು ಸೇರಿಸಿ ಹಿಡಿಯುತ್ತವೆ.

ಲೋವರ್‌ನ ಬರಿಯ ಲೋಹದ ಚೌಕಟ್ಟನ್ನು ‘ಸ್ಟ್ರಿಪ್ಡ್ ಲೋವರ್’ ಎನ್ನುತ್ತಾರೆ. ಟ್ರಿಗರ್, ಸ್ಪ್ರಿಂಗ್, ಹಿಡಿ, ಸ್ಟಾಕ್ ಎಲ್ಲವನ್ನೂ ಕಾರ್ಖಾನೆಯಲ್ಲೇ ಜೋಡಿಸಿ ಕೊಟ್ಟರೆ ಅದು ‘ಕಂಪ್ಲೀಟ್ ಲೋವರ್’. ತಮಗೆ ಬೇಕಾದಂತೆ ರೈಫಲ್ ಕಟ್ಟಿಕೊಳ್ಳುವವರಲ್ಲಿ ಅನೇಕರು ಇದನ್ನೇ ಕೊಳ್ಳುತ್ತಾರೆ. ಚಿಕ್ಕ ಸ್ಪ್ರಿಂಗ್ ಮತ್ತು ಪಿನ್‌ಗಳನ್ನು ತಪ್ಪಾಗಿ ಕೂರಿಸಿ ಟ್ರಿಗರ್ ಕೆಡಿಸುವ ಅಪಾಯ ಇದರಲ್ಲಿ ಕಡಿಮೆ.

ಕಾನೂನಿನ ಕಣ್ಣಲ್ಲಿ ‘ಬಂದೂಕು’ ಯಾವುದು?

ನಿಮ್ಮ ಫೋನಿನ ಪರದೆ, ಬ್ಯಾಟರಿ, ಹಿಂದಿನ ಕವಚ ಯಾವುದನ್ನು ಬದಲಾಯಿಸಿದರೂ ಐಎಂಇಐ ಸಂಖ್ಯೆ ಬದಲಾಗುವುದಿಲ್ಲ, ಏಕೆಂದರೆ ಅದು ಒಳಗಿನ ಮದರ್‌ಬೋರ್ಡಿಗೆ ಸೇರಿದ್ದು. ಕಾರಿನ ಟೈರು, ಸೀಟು ಎಲ್ಲಿ ಬೇಕಾದರೂ ಸಿಗುತ್ತವೆ. ಆದರೆ ಆರ್‌ಟಿಒ ನೋಡುವುದು ಚಾಸಿ ನಂಬರನ್ನು.

ಎಆರ್‌-15ರಲ್ಲಿ ಆ ಸ್ಥಾನ ಲೋವರ್ ರಿಸೀವರ್‌ನದು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಬಂದೂಕಿನ ಫ್ರೇಮ್ ಅಥವಾ ರಿಸೀವರ್ ಕೂಡ ಸ್ವತಃ ಬಂದೂಕೇ. ಎಆರ್‌-15ರ ಮಟ್ಟಿಗೆ ಸರಣಿ ಸಂಖ್ಯೆ ಕೆತ್ತಬೇಕಾದ ಭಾಗ ಲೋವರ್. ನಳಿಗೆ ಇಲ್ಲದಿದ್ದರೂ, ಒಂದು ಗುಂಡನ್ನೂ ಹಾರಿಸಲಾಗದಿದ್ದರೂ ಅದು ಬಂದೂಕೇ. ನಳಿಗೆ, ಹಿಡಿ, ಸ್ಟಾಕ್‌ಗಳು ಫೆಡರಲ್ ಕಾನೂನಿನಲ್ಲಿ ಬರೀ ಬಿಡಿಭಾಗಗಳು. ಫಾರ್ವರ್ಡ್‌ನ ಅರ್ಧ ನಿಜ ಇರುವುದು ಇಲ್ಲಿ.

ಎಲ್ಲ ಬಂದೂಕಿಗೂ ಕೆಳಭಾಗವೇ ಲೆಕ್ಕಕ್ಕೆ ಬರುತ್ತದೆ ಎಂದಲ್ಲ. ಎಫ್‌ಎನ್ ಸ್ಕಾರ್ ರೈಫಲ್‌ನಲ್ಲಿ ಸರಣಿ ಸಂಖ್ಯೆ ಇರುವುದು ಮೇಲಿನ ರಿಸೀವರ್ ಮೇಲೆ.

ಆನ್‌ಲೈನ್‌ನಲ್ಲಿ ಕೊಂಡರೆ ಮನೆಗೇ ಬರುತ್ತದೆಯೇ?

ಇಲ್ಲ. ವೆಬ್‌ಸೈಟಿನಲ್ಲಿ ಹಣ ಕಟ್ಟಬಹುದು. ಆದರೆ ಲೋವರ್ ಹೋಗುವುದು ನಿಮ್ಮ ಊರಿನ ಫೆಡರಲ್ ಪರವಾನಗಿ ಪಡೆದ ಡೀಲರ್ ಬಳಿಗೆ. ಅಲ್ಲಿ ಖುದ್ದಾಗಿ ಹೋಗಿ, ಗುರುತಿನ ಚೀಟಿ ತೋರಿಸಿ, ‘ಫಾರ್ಮ್ 4473’ ಎಂಬ ಅರ್ಜಿ ತುಂಬಬೇಕು. ನಂತರ ಹಿನ್ನೆಲೆ ತಪಾಸಣೆ ನಡೆಯುತ್ತದೆ. ಎಫ್‌ಬಿಐ ನಡೆಸುವ ಈ ವ್ಯವಸ್ಥೆ 1998ರ ನವೆಂಬರ್‌ನಿಂದ ಜಾರಿಯಲ್ಲಿದೆ.

ಅರ್ಜಿಯಲ್ಲಿ ಬರೀ ಲೋವರನ್ನು ರೈಫಲ್ ಎಂದು ದಾಖಲಿಸುವುದಿಲ್ಲ, ‘ಇತರ ಬಂದೂಕು’ ಎಂದು ದಾಖಲಿಸುತ್ತಾರೆ. ಫೆಡರಲ್ ಕಾಯ್ದೆಯ ಪ್ರಕಾರ ಡೀಲರ್‌ನಿಂದ ರೈಫಲ್ ಕೊಳ್ಳಲು 18 ವರ್ಷ ಸಾಕು, ಲೋವರ್ ಕೊಳ್ಳಲು 21 ಆಗಿರಬೇಕು.

ಖಾಸಗಿ ವ್ಯಕ್ತಿಗಳು ಒಂದೇ ರಾಜ್ಯದೊಳಗೆ ಪರಸ್ಪರ ಮಾರುವಾಗ ಕೆಲವು ರಾಜ್ಯಗಳಲ್ಲಿ ತಪಾಸಣೆ ಕಡ್ಡಾಯವಲ್ಲ ಎಂಬುದು ನಿಜ. ಹಾಗೆಂದು ಬಂದೂಕು ಹೊಂದಲು ನಿಷೇಧವಿರುವವರಿಗೆ ಅದು ಅನುಮತಿಯಾಗುವುದಿಲ್ಲ.

ಅರೆಬರೆ ತಯಾರಾದ ಕಿಟ್‌ಗಳ ಕಥೆ ಏನು?

‘ಪೂರ್ತಿಯಾಗದ ಲೋವರ್ ಬಂದೂಕಲ್ಲ, ಅದಕ್ಕೆ ನಂಬರೂ ಬೇಡ’ ಎಂಬ ಹಳೆಯ ವಾದ ಈಗಲೂ ಹರಿದಾಡುತ್ತಿದೆ. ಸುಲಭವಾಗಿ ಬಂದೂಕಾಗಿ ಮಾರ್ಪಡುವ ಕಿಟ್‌ಗಳನ್ನೂ ಬಂದೂಕು ಎಂದೇ ಪರಿಗಣಿಸುವ ಫೆಡರಲ್ ನಿಯಮ 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅಮೆರಿಕದ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ 7–2 ಬಹುಮತದಿಂದ ಆ ನಿಯಮವನ್ನು ಉಳಿಸಿತು. ಹಳೆಯ ವಿಡಿಯೊ ನೋಡಿ ಇಂದು ಕೊಳ್ಳಲು ಹೊರಟರೆ ತೊಂದರೆ ತಪ್ಪಿದ್ದಲ್ಲ.

ವೀಸಾದ ಮೇಲೆ ಇರುವವರು ಕೊಳ್ಳಬಹುದೇ?

ಹಲವು ಫಾರ್ವರ್ಡ್‌ಗಳು ಬಿಟ್ಟುಬಿಡುವ ಮಾತು ಇದು. ಎಚ್‌-1ಬಿ, ಎಚ್‌-4, ಎಫ್‌-1ನಂಥ ವಲಸೆಯೇತರ ವೀಸಾದ ಮೇಲೆ ಅಮೆರಿಕಕ್ಕೆ ಹೋದವರು ಬಂದೂಕಾಗಲಿ ಗುಂಡಾಗಲಿ ಹೊಂದುವುದನ್ನು ಫೆಡರಲ್ ಕಾಯ್ದೆ ನಿಷೇಧಿಸುತ್ತದೆ. ಲೋವರ್ ಕೂಡ ಬಂದೂಕೇ ಆದ್ದರಿಂದ ಅದೂ ನಿಷಿದ್ಧ. ಗೆಳೆಯನ ಹೆಸರಿನಲ್ಲಿ ಕೊಂಡು ನಿಮ್ಮ ಮನೆಯಲ್ಲಿಟ್ಟುಕೊಂಡರೂ ಅಪರಾಧವೇ.

ವಿನಾಯಿತಿಗಳಿವೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಊರ್ಜಿತ ಬೇಟೆ ಪರವಾನಗಿ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಗಳೂ ಇದರ ವ್ಯಾಪ್ತಿಗೆ ಬರುವುದಿಲ್ಲ. ಇವೆರಡೂ ಇಲ್ಲದವರು ಗೆಳೆಯರ ಮಾತು ನಂಬಿ ಹೆಜ್ಜೆ ಇಡಬಾರದು. ನಿಷೇಧ ಮೀರಿದರೆ 15 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೂ ಅದು ಕಾರಣವಾಗುತ್ತದೆ. ಅರ್ಜಿಯಲ್ಲಿ ಸುಳ್ಳು ಬರೆಯುವುದು ಪ್ರತ್ಯೇಕ ಅಪರಾಧ. ಸಂದೇಹವಿದ್ದರೆ ಮೊದಲು ವಲಸೆ ವಕೀಲರನ್ನು ಕೇಳಿ.

ರಾಜ್ಯ ಬದಲಾದರೆ ಕಾನೂನೂ ಬದಲಾಗುತ್ತದೆ

ಟೆಕ್ಸಾಸ್‌ನಲ್ಲಿ ಸುಲಭವಾಗಿ ಸಿಗುವ ಲೋವರ್, ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾ ಅಥವಾ ನ್ಯೂಜೆರ್ಸಿಯಲ್ಲಿ ಕಾನೂನುಬಾಹಿರವಾಗಬಹುದು. ನ್ಯೂಯಾರ್ಕ್, ಇಲಿನಾಯ್, ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ವಾಷಿಂಗ್ಟನ್ ರಾಜ್ಯಗಳಲ್ಲೂ ಇಂಥ ರೈಫಲ್‌ಗಳ ಮೇಲೆ ನಿರ್ಬಂಧಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಹಣ ಕಟ್ಟಿದ ಮೇಲೂ 10 ದಿನ ಕಾಯಬೇಕು. ಕಂಪ್ಲೀಟ್ ಲೋವರ್‌ನಲ್ಲಿ ಇದು ಇನ್ನೂ ಮುಖ್ಯ. ಉದ್ದ ಹೊಂದಿಸಬಹುದಾದ ಸ್ಟಾಕ್ ಮತ್ತು ಪ್ರತ್ಯೇಕ ಹಿಡಿಯನ್ನು ಕಾರ್ಖಾನೆಯವರು ಮೊದಲೇ ಜೋಡಿಸಿರುತ್ತಾರೆ, ಹಲವು ರಾಜ್ಯಗಳು ಎಣಿಸುವುದು ಇಂಥ ಅಂಶಗಳನ್ನೇ.

ಇನ್ನೊಂದು ಎಚ್ಚರಿಕೆ. ಸ್ಟಾಕ್ ಇರುವ ಲೋವರ್‌ಗೆ 16 ಇಂಚಿಗಿಂತ ಗಿಡ್ಡ ನಳಿಗೆಯ ಅಪ್ಪರ್ ಜೋಡಿಸಿದರೆ ಅದು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ‘ಗಿಡ್ಡ ನಳಿಗೆಯ ರೈಫಲ್’ ಆಗುತ್ತದೆ. ಇದಕ್ಕಿದ್ದ 200 ಡಾಲರ್ ತೆರಿಗೆಯನ್ನು 2026ರ ಜನವರಿ 1ರಿಂದ ಸೊನ್ನೆಗೆ ಇಳಿಸಲಾಗಿದೆ. ಇದನ್ನೇ ‘ನೋಂದಣಿಯೂ ರದ್ದಾಯಿತು’ ಎಂದು ತಿಳಿಯಬೇಡಿ. ಜೋಡಿಸುವ ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮ ಹಾಗೆಯೇ ಇದೆ.

ಅರ್ಹತೆ ಇರುವವರು ಆಯ್ಕೆ ಮಾಡುವಾಗ ಏನು ನೋಡಬೇಕು?

1. ಯಾವ ಕುಟುಂಬದ್ದು? ಎಆರ್‌-15 ಲೋವರ್‌ಗಳ ಅಳತೆ ಬಹುಮಟ್ಟಿಗೆ ಒಂದೇ. ಒಂದು ಕಂಪನಿಯ ಲೋವರ್‌ಗೆ ಇನ್ನೊಂದರ ಅಪ್ಪರ್ ಸಾಮಾನ್ಯವಾಗಿ ಕೂರುತ್ತದೆ. ದೊಡ್ಡ ಗುಂಡಿನ ಎಆರ್‌-10 ಮಾದರಿಗೆ ಅಂಥ ಏಕರೂಪದ ಅಳತೆ ಇಲ್ಲ, ಎರಡೂ ಭಾಗಗಳನ್ನು ಒಂದೇ ತಯಾರಕರಿಂದ ಕೊಳ್ಳುವುದು ಕ್ಷೇಮ. 9 ಎಂಎಂ ಗುಂಡಿಗೆಂದೇ ಮಾಡಿದ ಲೋವರ್ ಬೇರೆಯೇ ಇರುತ್ತದೆ.

2. ಹಿಂದಿನ ಕೊಳವೆಯ ಅಳತೆ. ಸ್ಟಾಕ್ ಕೂರುವ ಕೊಳವೆಯನ್ನು ಬಫರ್ ಟ್ಯೂಬ್ ಎನ್ನುತ್ತಾರೆ. ಉದ್ದ ಹೊಂದಿಸುವ ಸ್ಟಾಕ್‌ಗಳಿಗೆ ಎರಡು ಅಳತೆಗಳಿವೆ. ‘ಮಿಲ್‌-ಸ್ಪೆಕ್’ ಕೊಳವೆಯ ವ್ಯಾಸ 1.148 ಇಂಚು, ‘ಕಮರ್ಷಿಯಲ್’ 1.168 ಇಂಚು. ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಆದರೂ ಒಂದರ ಸ್ಟಾಕ್ ಇನ್ನೊಂದಕ್ಕೆ ಸಡಿಲವಾಗುತ್ತದೆ ಇಲ್ಲವೇ ಹತ್ತುವುದೇ ಇಲ್ಲ. ಮುಂದೆ ಸ್ಟಾಕ್ ಬದಲಿಸುವ ಯೋಚನೆ ಇದ್ದರೆ ಹೆಚ್ಚು ಬಳಕೆಯಲ್ಲಿರುವ ಮಿಲ್‌-ಸ್ಪೆಕ್ ಅನುಕೂಲ.

3. ಕೊಳವೆಯ ನಟ್. ಕೊಳವೆಯನ್ನು ಬಿಗಿಯುವ ದೊಡ್ಡ ನಟ್ ಸಡಿಲವಾಗದಂತೆ ಅದರ ಅಂಚಿಗೆ ಲೋಹವನ್ನು ತಟ್ಟಿ ಗುರುತು ಮಾಡಿರಬೇಕು. ಅಗ್ಗದ ಕೆಲವು ಲೋವರ್‌ಗಳಲ್ಲಿ ಈ ಕೆಲಸ ಬಿಟ್ಟಿರುತ್ತಾರೆ. ಇದನ್ನು ಡೀಲರ್ ಅಂಗಡಿಯಲ್ಲೇ ಕಣ್ಣಾರೆ ನೋಡಿ ತಿಳಿಯಬಹುದು.

4. ಟ್ರಿಗರ್. ಸಾಮಾನ್ಯ ಸೈನಿಕ ಮಾದರಿಯ ಟ್ರಿಗರ್ ಒತ್ತಲು ಐದೂವರೆ ಪೌಂಡಿಗೂ ಹೆಚ್ಚು, ಅಂದರೆ ಸುಮಾರು ಎರಡೂವರೆ ಕಿಲೋಗಿಂತ ಹೆಚ್ಚು ಬಲ ಬೇಕು. ಹಗುರ ಟ್ರಿಗರ್ ಗುರಿ ಸ್ಪರ್ಧೆಗೆ ಚೆನ್ನ. ಹೊಸಬರ ಕೈಯಲ್ಲಿ ಬೇಡದಿದ್ದಾಗ ಗುಂಡು ಹಾರುವ ಅಪಾಯ ಹೆಚ್ಚು.

5. ಲೋಹ. ಹೆಚ್ಚಿನ ಒಳ್ಳೆಯ ಲೋವರ್‌ಗಳು 7075-ಟಿ6 ಅಲ್ಯೂಮಿನಿಯಂ ಮಿಶ್ರಲೋಹದವು. 6061-ಟಿ6ಗೆ ಹೋಲಿಸಿದರೆ ಇದರ ಬಲ ಹೆಚ್ಚುಕಡಿಮೆ ಇಮ್ಮಡಿ. ಪ್ಲಾಸ್ಟಿಕ್ ಮಾದರಿಯ ಲೋವರ್‌ಗಳಲ್ಲಿ ಕೊಳವೆ ಸೇರುವ ಬಳೆಯಂಥ ಭಾಗ ದುರ್ಬಲ.

ಮಿಥ್ಯೆ ಮತ್ತು ಸತ್ಯ

‘ಎಆರ್ ಎಂದರೆ ಅಸಾಲ್ಟ್ ರೈಫಲ್’: ತಪ್ಪು. 1950ರ ದಶಕದಲ್ಲಿ ಯೂಜೀನ್ ಸ್ಟೋನರ್ ಇದನ್ನು ವಿನ್ಯಾಸ ಮಾಡಿದ್ದು ಆರ್ಮಲೈಟ್ ಕಂಪನಿಗಾಗಿ. ಎಆರ್ ಬಂದಿರುವುದು ಆ ಹೆಸರಿನಿಂದ. 1959ರಲ್ಲಿ ಇದರ ಹಕ್ಕುಗಳನ್ನು ಕೋಲ್ಟ್ ಕಂಪನಿ ಕೊಂಡಿತು.

‘ಲೋವರ್ ದುಬಾರಿಯಾದಷ್ಟೂ ಗುರಿ ನಿಖರ’: ತಪ್ಪು. ನಿಖರತೆ ಮುಖ್ಯವಾಗಿ ನಳಿಗೆ ಮತ್ತು ಗುಂಡಿನದು, ಲೋವರ್ ಕಡೆಯಿಂದ ಸ್ವಲ್ಪ ಟ್ರಿಗರ್‌ನದು. ಅಪ್ಪರ್ ಮತ್ತು ಲೋವರ್ ನಡುವೆ ತುಸು ಅಲುಗಾಟ ಇದ್ದರೆ ನಿಖರತೆ ಹಾಳಾಗುವುದಿಲ್ಲ.

‘ಬಲವಾದ ಲೋವರ್ ಇದ್ದರೆ ಸಿಡಿಯುವುದಿಲ್ಲ’: ತಪ್ಪು. ಗುಂಡು ಸಿಡಿದಾಗಿನ ಒತ್ತಡವನ್ನು ತಡೆಯುವುದು ಬೋಲ್ಟ್ ಮತ್ತು ನಳಿಗೆಯ ಹಿಂಬದಿ. ಆ ಕೆಲಸ ಲೋವರ್‌ನದಲ್ಲ.

‘ಲೋವರ್ ಮೇಲೆ ಮಲ್ಟಿ ಎಂದು ಬರೆದಿದ್ದರೆ ಯಾವ ಗುಂಡೂ ಆಗುತ್ತದೆ’: ಅಪಾಯಕಾರಿ ತಪ್ಪು. ಯಾವ ಗುಂಡು ಬಳಸಬೇಕೆಂದು ತೀರ್ಮಾನಿಸುವುದು ನಳಿಗೆಯ ಮೇಲಿನ ಗುರುತು. .300 ಬ್ಲ್ಯಾಕ್‌ಔಟ್ ಗುಂಡು 5.56 ಎಂಎಂ ಮ್ಯಾಗಜೀನ್‌ನಲ್ಲೇ ಕೂರುತ್ತದೆ, ಕೆಲವೊಮ್ಮೆ 5.56 ನಳಿಗೆಯೊಳಗೂ ಹೋಗಿಬಿಡುತ್ತದೆ. ಹಾರಿಸಿದರೆ ರೈಫಲ್ ಛಿದ್ರವಾಗಬಹುದು. ಎರಡನ್ನೂ ಬಳಸುವವರು ಮ್ಯಾಗಜೀನ್‌ಗಳಿಗೆ ಬೇರೆ ಬೇರೆ ಗುರುತು ಹಾಕಿ ಪ್ರತ್ಯೇಕವಾಗಿಡಬೇಕು.

‘ಅಪ್ಪರ್ ಇಲ್ಲ, ಆದ್ದರಿಂದ ಟ್ರಿಗರ್ ಒತ್ತಿ ಆಡಬಹುದು’: ಬೇಡ. ತಡೆಯುವ ಬೋಲ್ಟ್ ಇಲ್ಲದೆ ಸುತ್ತಿಗೆಯಂಥ ಹ್ಯಾಮರ್ ನೇರವಾಗಿ ಲೋವರ್‌ನ ಒಳಭಾಗಕ್ಕೆ ಬಡಿದು ಹಾನಿಯಾಗಬಹುದು. ಹ್ಯಾಮರ್ ಎಳೆಯದೆ ಸುರಕ್ಷತಾ ಗುಂಡಿ ‘ಸೇಫ್’ ಕಡೆಗೆ ತಿರುಗದಿದ್ದರೆ ಅದು ದೋಷವಲ್ಲ, ಈ ವಿನ್ಯಾಸವೇ ಹಾಗಿದೆ.

‘ಒಂದು ಸಣ್ಣ ಭಾಗ ಹಾಕಿದರೆ ಮೆಷಿನ್ ಗನ್, ತೊಂದರೆಯೇನಿಲ್ಲ’: 1986ರ ಮೇ 19ರ ನಂತರ ತಯಾರಾದ ಮೆಷಿನ್ ಗನ್ ಅಮೆರಿಕದ ಸಾಮಾನ್ಯ ನಾಗರಿಕರು ಹೊಂದುವಂತಿಲ್ಲ. ಆ ರೀತಿ ಪರಿವರ್ತಿಸುವ ಭಾಗವನ್ನೂ ಕಾನೂನು ಮೆಷಿನ್ ಗನ್ ಎಂದೇ ಎಣಿಸುತ್ತದೆ. 10 ವರ್ಷದವರೆಗೆ ಜೈಲಾಗಬಹುದು.

ಊರಿಗೆ ಬರುವಾಗ ಒಂದು ಭಾಗ ತರಬಹುದೇ?

ಖಂಡಿತ ಬೇಡ. ಅಮೆರಿಕದಲ್ಲಿ ಬಿಡಿಭಾಗ ಎನಿಸಿಕೊಂಡದ್ದು ಇಲ್ಲಿ ಹಾಗಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಶಸ್ತ್ರಾಸ್ತ್ರ’ ಎಂಬ ಪದದ ವ್ಯಾಖ್ಯೆಯೊಳಗೆ ಅವುಗಳ ಭಾಗಗಳೂ, ತಯಾರಿಸುವ ಯಂತ್ರಗಳೂ ಸೇರಿವೆ. ಪರವಾನಗಿ ಇಲ್ಲದೆ ತರುವುದು ಅಪರಾಧ. ಅಕ್ರಮವಾಗಿ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಸಜೆ, ಜೀವಾವಧಿಯವರೆಗೂ ಹೋಗಬಹುದು. ಅಮೆರಿಕದಿಂದ ಇಂಥ ಭಾಗಗಳನ್ನು ಹೊರಗೆ ಒಯ್ಯಲು ಅಲ್ಲಿನ ರಫ್ತು ಪರವಾನಗಿಯೂ ಬೇಕು.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಆದರೆ ಅದು ಬಂದೂಕು ಇಟ್ಟುಕೊಳ್ಳುವ ಬಗ್ಗೆ ಇರುವ ವಿನಾಯಿತಿ. ವಿದೇಶದಿಂದ ಭಾಗ ತಂದು ಮನೆಯಲ್ಲಿ ರೈಫಲ್ ಕಟ್ಟಲು ಕೊಟ್ಟ ಅನುಮತಿಯಲ್ಲ.

ಒಟ್ಟಾರೆ

ಅಮೆರಿಕದಲ್ಲಿ ಅರ್ಹರಾದವರು ರೈಫಲ್ ಜೋಡಿಸಿಕೊಳ್ಳಬಹುದು ಎಂಬುದು ಸರಿ. ಯಾರೂ ಕೇಳುವುದಿಲ್ಲ ಎಂಬುದು ತಪ್ಪು. ಕಂಪ್ಲೀಟ್ ಲೋವರ್ ಕೊಳ್ಳುವವರು ಕಾನೂನಿನ ಲೆಕ್ಕದಲ್ಲಿ ಬಂದೂಕನ್ನೇ ಕೊಳ್ಳುತ್ತಿದ್ದಾರೆ. ಹಾಗಾಗಿ ಮೊದಲು ವೀಸಾ ಮತ್ತು ವಯಸ್ಸು, ನಂತರ ರಾಜ್ಯದ ಕಾನೂನು, ಆಮೇಲೆ ಅಳತೆ, ಟ್ರಿಗರ್, ಲೋಹ. ‘ಯಾರೂ ಕೇಳುವುದಿಲ್ಲ’ ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದರೆ, ಅಲ್ಲಿ ಓದುತ್ತಿರುವ ನಿಮ್ಮ ಮಗನಿಗೋ ಅಕ್ಕನ ಮಗಳಿಗೋ ಅದನ್ನು ಕಳಿಸುವ ಮುನ್ನ ವೀಸಾ ಕುರಿತ ಭಾಗವನ್ನು ಓದಲು ಹೇಳಿ.