ಸರಪಳಿಯಿಂದ ಉಪಗ್ರಹದವರೆಗೆ: ಹಂಪಿ–ಸಂಡೂರು ಸೀಮೆಯ ನಕಾಶೆ

ಕಂಪ್ಲಿ ತಾಲ್ಲೂಕಿನ ಮೆಟ್ರಿ ಗ್ರಾಮ ಇದ್ದಲ್ಲಿಯೇ ಇದೆ. ಅದರ ಸುತ್ತಲಿನ ಗೆರೆಗಳು ಮಾತ್ರ ಹಲವು ಬಾರಿ ಬದಲಾಗಿವೆ. ಹೈದರಾಬಾದಿನ ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಈ ಭಾಗವೂ ಸೇರಿತ್ತು. 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿದ್ದು, ಅಂದು ಮೈಸೂರು ರಾಜ್ಯಕ್ಕೆ ಬಂತು. ಹೊಸಪೇಟೆ ತಾಲ್ಲೂಕಿನಲ್ಲಿದ್ದ ಊರು, ಕಂಪ್ಲಿ ಪ್ರತ್ಯೇಕ ತಾಲ್ಲೂಕಾದಾಗ ಅದಕ್ಕೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಆ ಜಿಲ್ಲೆಗೆ ಹೋಯಿತು. ಕಂಪ್ಲಿ ಮತ್ತು ಸಂಡೂರು ಬಳ್ಳಾರಿಯಲ್ಲೇ ಉಳಿದವು.

ಇಂದು ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ‘ನೀವು ಇಲ್ಲಿದ್ದೀರಿ’ ಎಂದು ಕ್ಷಣದಲ್ಲಿ ಹೇಳುತ್ತದೆ. ಆದರೆ ಅದು ಕೊಡುವುದು ಅಕ್ಷಾಂಶ, ರೇಖಾಂಶಗಳೆಂಬ ಎರಡು ಅಂಕಿಗಳನ್ನು ಮಾತ್ರ. ಆ ಜಾಗ ಯಾರ ಹೊಲ, ಯಾವ ಅರಣ್ಯ, ಯಾವ ಸ್ಮಾರಕದ ಆವರಣ ಎಂದು ಹೇಳಬೇಕಾದುದು ಯಂತ್ರದೊಳಗಿನ ನಕಾಶೆ. ಆದ್ದರಿಂದ ಯಂತ್ರಕ್ಕೆ ಯಾವ ನಕಾಶೆ, ಯಾವ ತಂತ್ರಾಂಶ ಎಂಬ ಪ್ರಶ್ನೆ ಮೇಲುನೋಟಕ್ಕೆ ತಾಂತ್ರಿಕವಾಗಿ ಕಂಡರೂ ಅದರ ಬೇರುಗಳು ಇನ್ನೂರು ವರ್ಷಗಳ ಇತಿಹಾಸದಲ್ಲಿವೆ.

ಮೆಕೆಂಜಿ, ಮನ್ರೋ ಮತ್ತು ಸರಪಳಿ

ಹಂಪಿಯ ಅವಶೇಷಗಳ ಮೊದಲ ಮೋಜಣಿ ನಕಾಶೆಯನ್ನು 1799ರಲ್ಲಿ ಸಿದ್ಧಪಡಿಸಿದವನು ಕಾಲಿನ್ ಮೆಕೆಂಜಿ. ಜಲವರ್ಣದಲ್ಲಿ ಬರೆದ ಆ ನಕಾಶೆ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನೂ ಇವನೇ. ಕಾವಲಿ ವೆಂಕಟ ಬೊರಯ್ಯನಂಥ ದೇಶೀಯ ವಿದ್ವಾಂಸರ ನೆರವಿನಿಂದ ಶಾಸನ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಮೆಕೆಂಜಿಗೆ ನಕಾಶೆಯೆಂದರೆ ಒಂದು ಸೀಮೆಯನ್ನು ಅರಿಯುವ ಸಾಧನ.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಅಳತೆ ಶುರುವಾಯಿತು. 1800ರಿಂದ 1807ರವರೆಗೆ ಈ ಸೀಮೆಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ, ರೈತವಾರಿ ಕಂದಾಯಕ್ಕಾಗಿ ಹೊಲ ಹೊಲವನ್ನೂ ಅಳೆಸಿದ. ಆಗಿನ ಸರಪಳಿಯ ಉದ್ದ 33 ಅಡಿ. ಅಷ್ಟು ಉದ್ದ, ಅಷ್ಟೇ ಅಗಲದ ಜಾಗ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ನಮ್ಮ ರೈತರ ಮಾತಿನಲ್ಲಿ ಗುಂಟೆ ಇಂದಿಗೂ ಬದುಕಿದೆ. ಮನ್ರೋನ ಅಳತೆಗೆ ಬೇಕಾಗಿದ್ದುದು ಹೊಲದ ವಿಸ್ತೀರ್ಣ ಮತ್ತು ರೈತನ ಹೆಸರು. ಆ ಹೊಲ ಭೂಗೋಲದ ಮೇಲೆ ಎಲ್ಲಿದೆ ಎಂಬುದಲ್ಲ.

ಮೂರನೆಯದು ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆ ಅಳೆದು ಆರಂಭಿಸಿದ ಮಹಾ ತ್ರಿಕೋನಮಿತಿ ಮೋಜಣಿ. ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆದು, ಇಡೀ ದೇಶವನ್ನು ತ್ರಿಕೋನಗಳ ಬಲೆಯಲ್ಲಿ ಹಿಡಿದ ಕಾರ್ಯವದು. ಸರ್ವೆ ಆಫ್ ಇಂಡಿಯಾದ ಸ್ಥಳವಿವರ ನಕಾಶೆಗಳಿಗೆ ಇದೇ ತಳಹದಿ. ಈ ಮಾಲಿಕೆಯಲ್ಲಿ ಹಂಪಿ 57ಎ/7 ಎಂಬ ಹಾಳೆಯಲ್ಲಿ ಬರುತ್ತದೆ.

ಹೀಗೆ ಒಂದೇ ನೆಲಕ್ಕೆ ಇತಿಹಾಸಕಾರನ ನಕಾಶೆ, ಕಂದಾಯದ ನಕಾಶೆ, ಸರ್ವೆ ಆಫ್ ಇಂಡಿಯಾದ ನಕಾಶೆ ಎಂಬ ಮೂರು ಪರಂಪರೆಗಳು ಬಂದವು. ಅವು ಒಂದರ ಮೇಲೊಂದು ಸರಿಯಾಗಿ ಕೂರಬೇಕೆಂದು ಆಗ ಯಾರೂ ಬಯಸಿರಲಿಲ್ಲ. ಕೂರಿಸಲೇಬೇಕಾದ ಕಾಲ ಬಂದುದು ಉಪಗ್ರಹದಿಂದ.

ನೂರು ಮೀಟರಿನ ಅಂತರ

ಅಮೆರಿಕದ ಜಿಪಿಎಸ್ ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಹಾರಿತು. 24 ಉಪಗ್ರಹಗಳ ಪೂರ್ಣ ವ್ಯವಸ್ಥೆ 1995ರಲ್ಲಿ ಸಿದ್ಧವಾಯಿತು. ಮೊದಮೊದಲು ನಾಗರಿಕರ ಬಳಕೆಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆ, ನೂರು ಮೀಟರಿನಷ್ಟಿದ್ದ ತಪ್ಪು ಹತ್ತು–ಇಪ್ಪತ್ತು ಮೀಟರಿಗೆ ಇಳಿಯಿತು.

ಯಂತ್ರ ನಿಖರವಾದೊಡನೆ ನಕಾಶೆಯ ತೊಡಕು ಎದ್ದು ಕಂಡಿತು. ಭೂಮಿ ಪೂರ್ಣ ಗೋಳವಲ್ಲ. ಅದರ ಆಕಾರವನ್ನು ಯಾವ ಲೆಕ್ಕದಲ್ಲಿ ಹಿಡಿಯುತ್ತೇವೆ, ಎಲ್ಲಿಂದ ಅಳೆಯುತ್ತೇವೆ ಎಂಬುದರ ಮೇಲೆ ಅಕ್ಷಾಂಶ, ರೇಖಾಂಶಗಳು ನಿಲ್ಲುತ್ತವೆ. ಭಾರತದ ಹಳೆಯ ನಕಾಶೆಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕವನ್ನು ಅನುಸರಿಸಿ, ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲಬಿಂದುವಾಗಿ ಇಟ್ಟುಕೊಂಡಿವೆ. ಜಿಪಿಎಸ್ ಅನುಸರಿಸುವುದು ಡಬ್ಲ್ಯುಜಿಎಸ್–84 ಎಂಬ ಲೆಕ್ಕವನ್ನು. ಎರಡನ್ನೂ ಹೊಂದಿಸದೆ ಯಂತ್ರದ ಅಂಕಿಯನ್ನು ಹಳೆಯ ಹಾಳೆಯ ಮೇಲೆ ಗುರುತಿಸಿದರೆ, ಹಂಪಿ ಭಾಗದಲ್ಲಿ ನೂರಕ್ಕೂ ಹೆಚ್ಚು ಮೀಟರ್ ಅತ್ತಿತ್ತ ಆಗುತ್ತದೆ.

ಬಯಲಿನಲ್ಲಿ ದಾರಿ ಹುಡುಕುವವನಿಗೆ ಇದು ದೊಡ್ಡದಲ್ಲ. ಆದರೆ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಂದರೆ ಲೆಕ್ಕದ ಈ ಒಂದು ತಪ್ಪು ಇಡೀ ನಿಷೇಧಿತ ವಲಯವನ್ನೇ ನುಂಗಬಲ್ಲದು. ತನ್ನ ಜಾಗದಲ್ಲಿ ಕೋಣೆ ಕಟ್ಟಬಹುದೇ ಎಂದು ಕೇಳುವ ಹಂಪಿಯ ನಿವಾಸಿಗೆ ಇದು ಬದುಕಿನ ಪ್ರಶ್ನೆ.

ಸಂಡೂರಿನ ಪಾಠ

ಇದರ ಬಿಸಿ ಹೆಚ್ಚು ತಟ್ಟಿದ್ದು ಸಂಡೂರಿನ ಬೆಟ್ಟಗಳಲ್ಲಿ. ಗಣಿ ಗುತ್ತಿಗೆಗಳ ಹಳೆಯ ನಕ್ಷೆಗಳು ನೆಲದ ಮೇಲೆ ಎಲ್ಲಿ ಕೂರುತ್ತವೆ ಎಂಬುದೇ ವಿವಾದವಾಯಿತು. ಸುಪ್ರೀಂ ಕೋರ್ಟ್ 2011ರ ಮೇ 6ರಂದು ಜಂಟಿ ತಂಡವನ್ನು ನೇಮಿಸಿ ಗುತ್ತಿಗೆಗಳ ಮರುಮೋಜಣಿ ಮಾಡಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಎಲ್ಲೆ ಮೀರಿ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇಕಡ 10ರೊಳಗೆ, ಸುರಿದ ಮಣ್ಣು ಶೇಕಡ 15ರೊಳಗೆ ಇದ್ದರೆ ‘ಬಿ’. ಅದನ್ನು ಮೀರಿದರೆ ‘ಸಿ’. ‘ಸಿ’ ವರ್ಗದ ಗುತ್ತಿಗೆಗಳ ರದ್ದತಿಗೆ ನ್ಯಾಯಾಲಯ 2013ರ ಏಪ್ರಿಲ್ 18ರಂದು ಆದೇಶಿಸಿತು.

ಶೇಕಡ 10 ಎಂದರೆ ನೆಲದ ಮೇಲೆ ಎಷ್ಟು? 500 ಮೀಟರ್ ಉದ್ದ, 400 ಮೀಟರ್ ಅಗಲದ ಗುತ್ತಿಗೆ 20 ಹೆಕ್ಟೇರ್ ಆಗುತ್ತದೆ. ಅದರ ನಕ್ಷೆಯನ್ನು ಉದ್ದದ ದಿಕ್ಕಿಗೆ 50 ಮೀಟರ್ ಸರಿಸಿ ಕೂರಿಸಿದರೆ ಒಂದು ಬದಿಯಲ್ಲಿ 2 ಹೆಕ್ಟೇರ್ ಎಲ್ಲೆಯಾಚೆ ಬೀಳುತ್ತದೆ. ಅದೇ ಶೇಕಡ 10. ತಪ್ಪಾಗಿ ಕೂರಿಸಿದ ನಕ್ಷೆ ನಿರ್ದೋಷಿಯನ್ನು ಒತ್ತುವರಿದಾರನನ್ನಾಗಿ ಮಾಡಬಲ್ಲದು. ಅಷ್ಟೇ ಸುಲಭವಾಗಿ ಒತ್ತುವರಿದಾರನನ್ನು ಮರೆಮಾಚಬಲ್ಲದು. ಆದಕಾರಣವೇ ಇಂಥ ಅಳತೆಗೆ ಕೈಯಲ್ಲಿ ಹಿಡಿಯುವ ಯಂತ್ರ ಸಾಲದು. ಗೊತ್ತಿರುವ ಬಿಂದುವಿನಲ್ಲಿ ಇನ್ನೊಂದು ಯಂತ್ರವನ್ನು ಸ್ಥಿರವಾಗಿ ನಿಲ್ಲಿಸಿ ದೋಷ ಕಳೆಯುವ ಡಿಜಿಪಿಎಸ್‌ನಂಥ ವಿಧಾನ ಬೇಕು.

ಆಯ್ಕೆಯ ಒರೆಗಲ್ಲು

ನಕಾಶೆಗಳು ಈಗ ಮೊದಲಿನಷ್ಟು ದುರ್ಲಭವಲ್ಲ. 2005ರ ರಾಷ್ಟ್ರೀಯ ನಕಾಶೆ ನೀತಿ, ಜಿಪಿಎಸ್‌ಗೆ ಹೊಂದುವ ಲೆಕ್ಕದಲ್ಲೇ ಸಾರ್ವಜನಿಕರಿಗಾಗಿ ಪ್ರತ್ಯೇಕ ಮಾಲಿಕೆಯನ್ನು ತಂದಿತು; 2017ರಿಂದ ಅದನ್ನು ಉಚಿತವಾಗಿ ಪಡೆಯುವ ವ್ಯವಸ್ಥೆಯಾಯಿತು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್, ಊರಿನವರೇ ತಮ್ಮ ದಾರಿ, ಗುಡಿ, ಕೆರೆಗಳನ್ನು ಸೇರಿಸಬಹುದಾದ ನಕಾಶೆ. ಕರ್ನಾಟಕದ ‘ದಿಶಾಂಕ್’ ಆ್ಯಪ್ ಗ್ರಾಮ ನಕಾಶೆಯನ್ನು ಉಪಗ್ರಹದ ಲೆಕ್ಕಕ್ಕೆ ಹೊಂದಿಸಿ, ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಮನ್ರೋ ಮತ್ತು ಲ್ಯಾಂಬ್ಟನ್ನರ ಪರಂಪರೆಗಳು ಇಲ್ಲಿ ಒಂದೇ ಪರದೆಯ ಮೇಲೆ ಭೇಟಿಯಾಗುತ್ತವೆ.

ಆದರೂ ಎಲ್ಲ ಕೆಲಸಕ್ಕೂ ಒಂದೇ ತಂತ್ರಾಂಶ ಒದಗದು. ಬೆಟ್ಟದ ಕಾಲುದಾರಿಗೆ ಮೊಬೈಲ್ ಸಂಪರ್ಕವಿಲ್ಲದೆಯೂ ನಡೆಯುವ, ಸಮೋನ್ನತಿ ರೇಖೆಗಳಿರುವ ನಕಾಶೆ ಬೇಕು. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಬಳಸುವ ಸಂಶೋಧಕನಿಗೆ, ಎವರೆಸ್ಟ್ ಲೆಕ್ಕವನ್ನು ಡಬ್ಲ್ಯುಜಿಎಸ್–84ಕ್ಕೆ ಪರಿವರ್ತಿಸುವ ಕ್ಯೂಜಿಐಎಸ್‌ನಂಥ ತಂತ್ರಾಂಶ ಬೇಕು. ಇದು ಯಾರಾದರೂ ಉಚಿತವಾಗಿ ಪಡೆಯಬಹುದಾದದ್ದು. ಗುರುತಿಸಿದ ಬಿಂದುಗಳನ್ನು ಜಿಪಿಎಕ್ಸ್‌ನಂಥ ಸಾಮಾನ್ಯ ಮಾದರಿಯಲ್ಲಿ ಉಳಿಸಿಟ್ಟರೆ ನಾಳೆ ಬೇರೆ ಯಂತ್ರದಲ್ಲೂ ಓದಬಹುದು. ಹೊಲದ ಎಲ್ಲೆಯ ತಕರಾರಿಗೆ ಮಾತ್ರ ಆ್ಯಪ್ ಸಾಕ್ಷಿಯಾಗದು. ಅಲ್ಲಿ ಭೂಮಾಪಕರ ಅಳತೆ ಮತ್ತು ಬಾಂದುಕಲ್ಲುಗಳೇ ಪ್ರಮಾಣ.

ಉಪಗ್ರಹ ಬಂತೆಂದು ಸರಪಳಿಯ ಕಾಲ ಅಳಿಸಿಹೋಗಿಲ್ಲ. ಅಂದು ಎಳೆದ ಗೆರೆಗಳೇ ಇಂದಿಗೂ ಹಕ್ಕಿನ ಗೆರೆಗಳು. ಯಾವ ನಕಾಶೆ ಯಾರಿಗಾಗಿ, ಯಾವ ಅಳತೆಯಿಂದ ಹುಟ್ಟಿತು ಎಂದು ತಿಳಿದವನ ಕೈಯಲ್ಲಿ ಅಗ್ಗದ ಯಂತ್ರವೂ ಉಪಯುಕ್ತ. ಅದನ್ನು ತಿಳಿಯದವನನ್ನು ಬೆಲೆಬಾಳುವ ಯಂತ್ರವೂ ಪಕ್ಕದವನ ಹೊಲದಲ್ಲಿ ನಿಲ್ಲಿಸೀತು.