ಮಿಲಿಮೀಟರಿನವರೂ ಇಂಚಿನವರೂ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಒಂದು ಅಕ್ಕಿ ಗಿರಣಿ ಎದ್ದು ನಿಲ್ಲಬೇಕಾದರೆ ಎರಡು ನಕ್ಷೆ ಬೇಕು. ಒಂದು ಮಷೀನು ಮಾಡುವವರು ಕಳಿಸುವುದು. ಇನ್ನೊಂದು ಶೆಡ್ಡು ಕಟ್ಟಿಸುವ ಇಂಜಿನಿಯರ್ ಬರೆಯುವುದು. ಮೊದಲನೆಯದರ ಅಳತೆಯೆಲ್ಲ ಮಿಲಿಮೀಟರಿನಲ್ಲಿ. ಎರಡನೆಯದು ಕಾಗದದ ಮೇಲೆ ಮೀಟರಿನಲ್ಲಿದ್ದರೂ ಗೌಂಡಿಯ ಬಾಯಿಗೆ ಬರುವ ಹೊತ್ತಿಗೆ ಫೂಟು, ಇಂಚು ಆಗಿರುತ್ತದೆ. ಈ ಎರಡು ನಕ್ಷೆ ಒಂದನ್ನೊಂದು ಮುಟ್ಟುವ ಜಾಗದಲ್ಲೇ ನಮ್ಮ ಕಸುಬಿನ ಅರ್ಧ ಜಗಳ ಇರೋದು. ಕಾಂಕ್ರೀಟು ಗಟ್ಟಿಯಾದ ಮೇಲೆ ಫೋನು ಬರುತ್ತದೆ: "ಸರ, ಮಷೀನು ಬಂದದ, ತಗ್ಗಿನ್ಯಾಗ ಕೂಡವಲ್ದು ನೋಡ್ರಿ." ಆಮೇಲೆ ಬ್ರೇಕರ್ ತರಿಸಿ ಒಡೆಯೋದು, ಯಾರ ತಪ್ಪು ಅಂತ ವಾದ ಮಾಡೋದು, ಹಂಗಾಮು ಶುರುವಾಗೋದು ಎಲ್ಲ ಒಟ್ಟಿಗೇ.

ಈಗ ಮಷೀನಿನವರು ಕಾಗದ ಕಳಿಸುವುದು ಕಡಿಮೆ. ಕಂಪ್ಯೂಟರಿನಲ್ಲಿ ಮಾಡಿದ ಪೂರ್ತಿ ತ್ರೀಡಿ ಮಾದರಿಯನ್ನೇ ಕಳಿಸುತ್ತಾರೆ. ಅದನ್ನು ಕಟ್ಟಡದ ಸಾಫ್ಟ್‌ವೇರಿಗೆ ಹಾಕಿದರೆ ಮುಗೀತಲ್ಲ, ಮಷೀನು ಎಲ್ಲಿ ಕೂತೀತು, ತೊಲೆಗೆ ತಾಗೀತೋ ಇಲ್ಲವೋ ತೆರೆಯ ಮೇಲೇ ಕಾಣುತ್ತದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಕಿ ನೋಡಿದರೆ ಒಂದೋ ಕಂಪ್ಯೂಟರ್ ಕೈಕಾಲು ಬಿಟ್ಟು ಕೂಡುತ್ತದೆ, ಇಲ್ಲವೇ ಎಲಿವೇಟರು ಅಡ್ಡಬಿದ್ದಿರುತ್ತದೆ, ಇಲ್ಲವೇ ಅರ್ಧ ಮಷೀನು ಮಾಯ. ಇದು ಒಂದು ಸಾಫ್ಟ್‌ವೇರಿನ ದೋಷವಲ್ಲ. ಇದರ ಹಿಂದೆ ಇನ್ನೂರೈವತ್ತು ವರ್ಷದ ಇತಿಹಾಸವಿದೆ. ಅದರ ಒಂದು ತುದಿ ನಮ್ಮ ಕೃಷ್ಣೆಯ ದಂಡೆಯಲ್ಲೂ ಇದೆ.

ಶುರುವಿನಲ್ಲಿ ಎರಡೂ ನಕ್ಷೆ ಒಂದೇ ಮನೆಯವು. 1760ರ ದಶಕದಲ್ಲಿ ಫ್ರಾನ್ಸಿನ ಮೆಝಿಯೇರ್ ಸೈನಿಕ ಶಾಲೆಯಲ್ಲಿ ಗಾಸ್ಪಾರ್ ಮೊಂಜ್ ಎಂಬ ತರುಣನಿಗೆ ಕೋಟೆಯ ಗೋಡೆ ಎಷ್ಟು ಎತ್ತರ ಇರಬೇಕೆಂದು ಲೆಕ್ಕ ಹಾಕುವ ಕೆಲಸ ಕೊಟ್ಟರು. ಅವನು ಅಂಕಿಗಳ ಉದ್ದುದ್ದ ಲೆಕ್ಕ ಬಿಟ್ಟು ಮೇಲಿನಿಂದ ಕಂಡ ಚಿತ್ರ, ಎದುರಿನಿಂದ ಕಂಡ ಚಿತ್ರ ಎರಡನ್ನೂ ಜೋಡಿಸಿ ಉತ್ತರ ತೆಗೆದ. ಪ್ಲಾನು, ಎಲಿವೇಶನ್ ಅಂತ ನಾವು ಇವತ್ತು ಬರೆಯುವುದಕ್ಕೆ ಶಾಸ್ತ್ರದ ಬುನಾದಿ ಬಿದ್ದದ್ದು ಅಲ್ಲಿ. ಸೈನ್ಯದವರು ಅದನ್ನು ಬಹಳ ಕಾಲ ಗುಟ್ಟಾಗಿ ಇಟ್ಟಿದ್ದರು. 1795ರಲ್ಲಿ ಮೊಂಜ್ ಅದನ್ನು ಬಹಿರಂಗವಾಗಿ ಪಾಠ ಮಾಡಿದ ಮೇಲೆ ಯಂತ್ರ ಮಾಡುವವರೂ ಅದನ್ನೇ ಎತ್ತಿಕೊಂಡರು. ಅಂದರೆ ಕೋಟೆ ಕಟ್ಟುವವರ ವಿದ್ಯೆಯಿಂದ ಮಷೀನಿನ ನಕ್ಷೆ ಬೆಳೆಯಿತು.

ಆ ಕಾಲದಲ್ಲಿ ಕೆಲಸ ಮಾಡುವ ಮನುಷ್ಯನೂ ಒಬ್ಬನೇ. ಸುರಪುರದಲ್ಲಿ 1840ರ ದಶಕದಿಂದ ಹತ್ತು ವರ್ಷದ ಮೇಲೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇಂಜಿನಿಯರಿಂಗ್ ಕಾಲೇಜಿಗೆ ಹೋದವನಲ್ಲ. ಭೂಮಾಪನ, ಕಟ್ಟಡ ವಿದ್ಯೆ ಎಲ್ಲ ತಾನಾಗಿಯೇ ಓದಿ ಕಲಿತವನು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ನಿಂತಿದೆ. ಬೋನಾಳ ಕೆರೆಯನ್ನು ಅವನು ದುರಸ್ತಿ ಮಾಡಿಸಿದ್ದನ್ನೂ ನಮ್ಮ ಜನ ಮರೆತಿಲ್ಲ. ಕೆರೆ, ಮನೆ, ರಸ್ತೆ ಎಲ್ಲಕ್ಕೂ ಒಂದೇ ತಲೆ. ಹಾಗಿದ್ದಾಗ ಒಬ್ಬರ ನಕ್ಷೆ ಇನ್ನೊಬ್ಬರಿಗೆ ದಾಟಿಸುವ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ ಬಂದದ್ದು ಕಟ್ಟಡದೊಳಗೆ ಯಂತ್ರ ಹೊಕ್ಕಾಗ. ಕನ್ನಡಿಗರಿಗೆ ಇದರ ದೊಡ್ಡ ಉದಾಹರಣೆ ವಿಶ್ವೇಶ್ವರಯ್ಯನವರು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ಒಂದು ಮಟ್ಟ ದಾಟಿದರೆ ತಾನಾಗಿ ತೆರೆದುಕೊಳ್ಳಬೇಕು, ಇಳಿದರೆ ಮುಚ್ಚಿಕೊಳ್ಳಬೇಕು. ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವ ಉಪಾಯ ಅದು. ಆಮೇಲೆ ಕನ್ನಂಬಾಡಿಗೂ ಅಂಥ ಗೇಟು ಬಂದವು. ಅಣೆಕಟ್ಟು ಎಂದರೆ ಬರೀ ಗೋಡೆಯಲ್ಲ, ಅದರ ನೆತ್ತಿಯ ಮೇಲೆ ಕದಲುವ ಮಷೀನೂ ಉಂಟು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ನಮ್ಮ ನಾರಾಯಣಪುರದ ಬಸವಸಾಗರ ಅಣೆಕಟ್ಟು ಹತ್ತು ಕಿಲೋಮೀಟರಿಗಿಂತ ಉದ್ದ. ಅದರಲ್ಲಿ 30 ಗೇಟುಗಳಿವೆ. ಗೋಡೆ ಕಟ್ಟುವವರು ಸಿವಿಲ್, ಗೇಟು ಮಾಡುವವರು ಮೆಕ್ಯಾನಿಕಲ್. ಗೇಟಿನ ಅಂಚಿನ ರಬ್ಬರ್ ಸೀಲು ಗೋಡೆಯೊಳಗಿನ ಉಕ್ಕಿನ ಪಟ್ಟಿಗೆ ಒತ್ತಿ ನಿಲ್ಲಬೇಕು. ಅಲ್ಲಿ ಕೆಲವೇ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನೀರು ಸೋರುತ್ತದೆ, ಇಲ್ಲ ಗೇಟು ಕಚ್ಚಿಕೊಳ್ಳುತ್ತದೆ. ಆದರೆ ಅಷ್ಟು ಎತ್ತರದ ಕಾಂಕ್ರೀಟನ್ನು ಮಿಲಿಮೀಟರ್ ಲೆಕ್ಕದಲ್ಲಿ ಸುರಿಯೋದು ಯಾರಿಂದಾದೀತು? ಅದಕ್ಕೆ ಅಣೆಕಟ್ಟು ಕಟ್ಟುವವರು ಒಂದು ಜಾಣತನ ಕಂಡುಕೊಂಡಿದ್ದಾರೆ. ಉಕ್ಕಿನ ಪಟ್ಟಿ ಬರುವ ಜಾಗದಲ್ಲಿ ಮೊದಲ ಕಾಂಕ್ರೀಟಿನಲ್ಲಿ ಬೇಕೆಂದೇ ದೊಡ್ಡ ಖಾಲಿ ಗಾಳಿ ಬಿಡುತ್ತಾರೆ. ಆಮೇಲೆ ಫಿಟ್ಟರುಗಳು ಬಂದು ಪಟ್ಟಿಯನ್ನು ತಂತಿ ಕಟ್ಟಿ, ಗುಂಡು ಬಿಟ್ಟು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ನಿಲ್ಲಿಸುತ್ತಾರೆ. ಅಮೇಲೆ ಆ ಗಾಳಿಗೆ ಎರಡನೇ ಹಂತದ ಕಾಂಕ್ರೀಟು. ಇಂಚಿನವರು ಮಿಲಿಮೀಟರಿನವರಿಗೆ ಬಿಟ್ಟುಕೊಟ್ಟ ಜಾಗ ಅದು. ಎರಡು ಕಸುಬಿನ ನಡುವಿನ ಒಪ್ಪಂದ ಕಾಂಕ್ರೀಟಿನಲ್ಲೇ ಬರೆದಂತೆ.

ನಾರಾಯಣಪುರದ ಕೆಲಸ ಮುಗಿದದ್ದು 1982ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಆಟೋಕ್ಯಾಡ್ ಮಾರಾಟಕ್ಕೆ ಬಂತು, ಜೊತೆಗೆ ನಕ್ಷೆಯನ್ನು ಬೇರೆ ಸಾಫ್ಟ್‌ವೇರಿಗೆ ದಾಟಿಸುವ ಡಿಎಕ್ಸ್‌ಎಫ್ ಕಡತವೂ ಬಂತು. ಅದಕ್ಕಿಂತ ಎರಡು ವರ್ಷ ಮೊದಲೇ, 1980ರಲ್ಲಿ, ದೊಡ್ಡ ಕಾರ್ಖಾನೆಗಳು ತಮ್ಮತಮ್ಮಲ್ಲಿ ಮಾದರಿ ಹಂಚಿಕೊಳ್ಳಲು ಐಜಿಇಎಸ್ ಎಂಬ ಪದ್ಧತಿ ಮಾಡಿಕೊಂಡಿದ್ದವು. ಆಗ ದಾಟುತ್ತಿದ್ದದ್ದು ಹೆಚ್ಚಾಗಿ ಗೆರೆ, ವೃತ್ತ, ಅಕ್ಷರ. ಗೆರೆಗೆ ತಾನು ಗೋಡೆಯೋ ಗೇಟೋ ಗೊತ್ತಿಲ್ಲ. ಹಾಗಾಗಿ ದಾಟುವುದೂ ಸುಲಭವಿತ್ತು. ಅರ್ಥ ಮಾಡಿಕೊಳ್ಳುವ ಕೆಲಸ ಡ್ರಾಫ್ಟ್ಸ್‌ಮನ್ನಿನ ತಲೆಯಲ್ಲೇ ಉಳಿದಿತ್ತು.

ದಾರಿ ಕವಲೊಡೆದದ್ದು ಆಮೇಲೆ. 1980ರ ದಶಕದ ಕೊನೆಗೆ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಎಂಬ ಕಂಪನಿ ಪ್ರೊ-ಇಂಜಿನಿಯರ್ ತಂದಿತು. ಒಂದು ಅಳತೆ ಬದಲಿಸಿದರೆ ಅದಕ್ಕೆ ಹೊಂದಿದ ಎಲ್ಲ ಭಾಗವೂ ತಾನಾಗಿ ಬದಲಾಗುವ ಸಾಫ್ಟ್‌ವೇರ್ ಅದು. 1995ರಲ್ಲಿ ಸಾಲಿಡ್‌ವರ್ಕ್ಸ್ ಬಂದು ಅದೇ ವಿದ್ಯೆಯನ್ನು ಸಣ್ಣ ಕಾರ್ಖಾನೆಗಳಿಗೂ ಎಟುಕಿಸಿತು. ಇನ್ನು ಸ್ವಾರಸ್ಯ ಕೇಳಿ. ಅದೇ ಪ್ಯಾರಾಮೆಟ್ರಿಕ್ ಕಂಪನಿಯಲ್ಲಿ ದುಡಿದಿದ್ದ ಲಿಯೊನಿಡ್ ರೈಜ್ ಮತ್ತು ಅರ್ವಿನ್ ಯುಂಗ್ರೈಸ್ 1997ರಲ್ಲಿ ಹೊರಬಂದು ಕಟ್ಟಡಗಳಿಗೂ ಅಂಥದೇ ಒಂದು ಸಾಫ್ಟ್‌ವೇರ್ ಮಾಡಲು ಕೂತರು. 2000ದಲ್ಲಿ ಹೊರಬಂದ ಅದೇ ರೆವಿಟ್. 2002ರಲ್ಲಿ ಆಟೋಡೆಸ್ಕ್ ಅದನ್ನು 13.3 ಕೋಟಿ ಡಾಲರಿಗೆ ಕೊಂಡಿತು. ಅಂದರೆ ಇವತ್ತು ಮಷೀನಿನ ಮಾದರಿಯನ್ನು ಒಳಗೆ ಬಿಟ್ಟುಕೊಳ್ಳಲು ತಕರಾರು ಮಾಡುವ ರೆವಿಟ್ಟು ಹುಟ್ಟಿದ್ದು ಮಷೀನಿನ ಸಾಫ್ಟ್‌ವೇರ್ ಮಾಡುತ್ತಿದ್ದವರ ಕೈಯಲ್ಲಿ.

ಕಡತಗಳ ಕತೆಯೂ ಹಾಗೇ. ಮಷೀನಿನವರ ಸ್ಟೆಪ್ ಕಡತಕ್ಕೆ 1994ರಲ್ಲಿ ಐಎಸ್‌ಒ ಮುದ್ರೆ ಬಿತ್ತು, ಅದರ ಸಂಖ್ಯೆ 10303. ಕಟ್ಟಡದವರ ಐಎಫ್‌ಸಿ ಮೊದಲು ಬಂದದ್ದು 1990ರ ದಶಕದಲ್ಲಿ, ಐಎಸ್‌ಒ ಮುದ್ರೆ ಸಿಕ್ಕದ್ದು 2013ರಲ್ಲಿ. ಐಎಫ್‌ಸಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಮೊದಲ ಸಾಲಿನಲ್ಲೇ ಐಎಸ್‌ಒ 10303 ಅಂತ ಕಾಣುತ್ತದೆ. ಬರೆಯುವ ವ್ಯಾಕರಣ ಸ್ಟೆಪ್ಪಿನದೇ. ಒಂದೇ ಲಿಪಿಯಲ್ಲಿ ಬರೆದ ಎರಡು ಭಾಷೆ ಇದ್ದ ಹಾಗೆ: ಓದಲು ಬರುತ್ತದೆ, ಅರ್ಥ ಆಗೋದಿಲ್ಲ. ಒಬ್ಬರ ಶಬ್ದಕೋಶದಲ್ಲಿ ಬಿಡಿಭಾಗ, ಜೋಡಣೆ, ಬೋಲ್ಟು. ಇನ್ನೊಬ್ಬರದರಲ್ಲಿ ಗೋಡೆ, ಬಾಗಿಲು, ಸ್ಲ್ಯಾಬು, ಮಹಡಿ.

ದಾಟಿಸುವಾಗ ಕೆಡುವುದು ಎಲ್ಲೆಲ್ಲಿ? ಒಂದು, ದಿಕ್ಕು. ಸಾಲಿಡ್‌ವರ್ಕ್ಸಿನಂಥ ಸಾಫ್ಟ್‌ವೇರಿನಲ್ಲಿ ಮೇಲು ಅಂದರೆ ವೈ, ಕಟ್ಟಡದವರಿಗೆ ಮೇಲು ಅಂದರೆ ಝಡ್. ಎಲಿವೇಟರು ಮಲಗೋದು ಇದಕ್ಕೇ. ಎರಡು, ಮೂಲಬಿಂದು. ಮಷೀನಿನವರ ಸೊನ್ನೆ ಯಾವುದೋ ಶಾಫ್ಟಿನ ನಡುವಿರುತ್ತದೆ, ನಮ್ಮ ಸೊನ್ನೆ ಜಾಗದ ಮೂಲೆಗಲ್ಲಿನಲ್ಲಿ. ಮೂರು, ಸಣ್ಣತನ. ಒಂದು ಇಂಚಿನ ಮೂವತ್ತೆರಡನೇ ಒಂದು ಭಾಗಕ್ಕಿಂತ, ಅಂದರೆ ಸುಮಾರು 0.8 ಮಿಲಿಮೀಟರಿಗಿಂತ ಚಿಕ್ಕ ಗೆರೆಯನ್ನು ರೆವಿಟ್ ಒಪ್ಪುವುದಿಲ್ಲ. ಬೋಲ್ಟಿನ ತಿರುಪು, ಮೂಲೆಯ ಸಣ್ಣ ದುಂಡು ಎಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ನಾಲ್ಕನೆಯದೇ ದೊಡ್ಡದು. ಮಾದರಿಯಲ್ಲಿ ಸಾವಿರ ಬೋಲ್ಟು ಇರುತ್ತವೆ, ಕಟ್ಟಡಕ್ಕೆ ಬೇಕಾದ ಮಾತು ಒಂದೂ ಇರುವುದಿಲ್ಲ. ಮಷೀನು ಓಡುವಾಗ ಪಾಯಾದ ಮೇಲೆ ಎಷ್ಟು ಭಾರ ಬೀಳುತ್ತದೆ, ಎಷ್ಟು ನಡುಗುತ್ತದೆ, ಜರಡಿ ಹೊರಗೆ ಎಳೆಯಲು ಯಾವ ಬದಿ ಎಷ್ಟು ಜಾಗ ಬಿಡಬೇಕು, ಕೆಟ್ಟುಹೋದ ಮೋಟರನ್ನು ಯಾವ ಬಾಗಿಲಿನಿಂದ ಹೊರಗೆ ಒಯ್ಯಬೇಕು ಅನ್ನುವುದನ್ನು ಆಕಾರ ಹೇಳುವುದಿಲ್ಲ.

ಆದ್ದರಿಂದ ದಾಟಿಸುವುದು ಅಂದರೆ ಇದ್ದದ್ದನ್ನೆಲ್ಲ ಹೊತ್ತು ತರುವುದಲ್ಲ, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು. ಇನ್ವೆಂಟರಿನಂಥ ಸಾಫ್ಟ್‌ವೇರಿನಲ್ಲಿ ಮಾದರಿಯನ್ನು ಸರಳ ಮಾಡುವ ಆಜ್ಞೆಯೇ ಇದೆ. ಒಳಗಿನ ಭಾಗ ತೆಗೆದು, ತೂತು ಮುಚ್ಚಿ, ಹೊರಗಿನ ಮೈ ಮಾತ್ರ ಉಳಿಸುತ್ತದೆ. ಆದರೆ ಯಾವ ತೂತು ಮುಚ್ಚಬೇಕು, ಯಾವುದು ಪಾಯಾದ ಬೋಲ್ಟಿನ ತೂತು ಅಂತ ಅದಕ್ಕೆ ತಿಳಿಯದು. ಅದು ಮನುಷ್ಯನೇ ಹೇಳಬೇಕು. ನಾನು ಕಂಡ ಹಾಗೆ ನಮ್ಮ ಕಡೆ ಈ ಮನುಷ್ಯನಿಗೇ ಬರಗಾಲ. ಮಷೀನಿನವರು "ಫೈಲು ಕಳಿಸೀವಲ್ರಿ" ಅನ್ನುತ್ತಾರೆ. ಶೆಡ್ಡಿನವರು "ಫೈಲು ತೆರೀವಲ್ದು" ಅನ್ನುತ್ತಾರೆ. ಅದಕ್ಕೂ ಇದಕ್ಕೂ ನಡುವೆ ಗಿರಣಿ ಮಾಲೀಕ ಬಡ್ಡಿ ಕಟ್ಟುತ್ತಿರುತ್ತಾನೆ.

ಇದು ಗಿರಣಿಯ ಮಾತಾದರೆ ನಷ್ಟ ಒಂದು ಹಂಗಾಮಿನದು. ಅಣೆಕಟ್ಟಿನದಾದರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 1953ರಲ್ಲಿ ಮುಗಿದ ಕಲ್ಲಿನ ಕಟ್ಟಡ, ಅದಕ್ಕೆ 2024ರಲ್ಲಿ ಹೊಸದಾಗಿ ಮಾಡಿದ ಉಕ್ಕಿನ ಹಲಗೆಗಳು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಅವನ್ನು ಒಂದೊಂದಾಗಿ ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ತಡೆದರು. ಅಲ್ಲಿ ಇದ್ದ ಪ್ರಶ್ನೆಯೂ ಇದೇ: ಹಳೇ ಗೋಡೆಯ ಅಳತೆಗೆ ಹೊಸ ಯಂತ್ರಭಾಗ ಕೂಡುತ್ತದೋ ಇಲ್ಲವೋ. ರೈತರ ಒಂದು ಬೆಳೆ ಆ ಉತ್ತರಕ್ಕೆ ಕಾದು ಕೂತಿತ್ತು.

ಬಸವಸಾಗರದ ಗೇಟುಗಳಿಗೂ ವಯಸ್ಸಾಗುತ್ತಿದೆ. ಶಹಾಪುರ, ಸುರಪುರದ ಭತ್ತ ನಿಂತಿರುವುದು ಆ ನೀರಿನ ಮೇಲೆ, ಗಿರಣಿಗಳು ನಿಂತಿರುವುದು ಆ ಭತ್ತದ ಮೇಲೆ. ಮುಂದೆಂದೋ ಒಂದು ಗೇಟು ಬದಲಿಸುವವರ ಕೈಗೆ ಇವತ್ತಿನ ಸಾಫ್ಟ್‌ವೇರಿನ ಕಡತ ಸಿಕ್ಕರೂ ಅದನ್ನು ತೆರೆಯುವ ಸಾಫ್ಟ್‌ವೇರೇ ಉಳಿದಿರಲಿಕ್ಕಿಲ್ಲ. ಅದಕ್ಕೆ ನನ್ನ ಹತ್ತಿರ ಬರುವ ಗಿರಣಿಯವರಿಗೆ ನಾನು ಹೇಳುವುದಿಷ್ಟು. ತ್ರೀಡಿ ಮಾದರಿ ಬರಲಿ, ಬೇಡ ಅನ್ನಬೇಡಿ. ಅದರ ಜೊತೆ ಒಂದು ಹಾಳೆ ಕೇಳಿ ತಗೊಳ್ಳಿ: ಹೊರಗಿನ ಅಳತೆ, ಬೋಲ್ಟಿನ ಜಾಗ, ನಿಂತಾಗಿನ ಭಾರ, ಓಡುವಾಗಿನ ಭಾರ, ರಿಪೇರಿಗೆ ಬಿಡಬೇಕಾದ ಜಾಗ. ಅದರ ಮೇಲೆ ಮಷೀನಿನವರದೊಂದು, ಶೆಡ್ಡಿನವರದೊಂದು ಎರಡೂ ಸಹಿ ಇರಲಿ. ಪಾಯಾದಲ್ಲಿ ಬೋಲ್ಟಿನ ಸುತ್ತ ಸ್ವಲ್ಪ ಖಾಲಿ ಗಾಳಿ ಬಿಟ್ಟು, ಮಷೀನು ಕೂತು ಮಟ್ಟ ನೋಡಿದ ಮೇಲೆ ತುಂಬಿಸಿ. ಅಣೆಕಟ್ಟು ಕಟ್ಟಿದವರು ಮಾಡಿದ್ದೂ ಇದನ್ನೇ.